ಹಿತ್ತಾಳೆಯಲ್ಲಿ ತಾಮ್ರವೆಷ್ಟು?

ಕೆಲವು ವರ್ಷಗಳ ಹಿಂದಿನ ಮಾತು. ಬಾಗಲಕೋಟೆಯಲ್ಲಿ ನಡೆಯಲಿದ್ದ ವಿಜ್ಞಾನ ಪ್ರದರ್ಶನಕ್ಕೆಂದು ಹುನಗುಂದ ಕಡೆಯ ನನ್ನೊಬ್ಬ ವಿದ್ಯಾರ್ಥಿ ಇಳಕಲ್ಲಿನ ಪಾತ್ರೆ ಅಂಗಡಿಯಿಂದ ಹಿತ್ತಾಳೆ ತಗಡಿನ ಚೂರು ತಂದಿದ್ದ. 'ನೂರಕ್ಕೆ 63 ಪಾಲು ತಾಮ್ರ, ಉಳಿದದ್ದು ಸತು' ಎಂದು ಅಂಗಡಿಯವರು ಹೇಳಿದ್ದರಂತೆ. ನಮ್ಮ ಪ್ರಯೋಗದಲ್ಲಿ ಬಂದದ್ದು 61. 'ಸರ್, ಅಂಗಡಿಯವರು ಮೋಸ ಮಾಡಿದ್ದಾರೆ ಎಂದು ಚಾರ್ಟಿನಲ್ಲಿ ಬರೆಯಲೇ?' ಎಂದ. ನಾನೂ 'ಬರೆ' ಎನ್ನುವವನಿದ್ದೆ.

ಪ್ರಯೋಗ ಹೀಗೆ: ಹಿತ್ತಾಳೆಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಬೇಕು. ಆಗ ಏಳುವ ಕಂದು ಹೊಗೆ ವಿಷಕಾರಿ. ಆದ್ದರಿಂದ ಇದು ಶಿಕ್ಷಕರ ಕೆಲಸ. ಹೊಗೆ ಕಪಾಟು ಇರುವ ಕಾಲೇಜು ಪ್ರಯೋಗಾಲಯದಲ್ಲೇ ಆಗಬೇಕು, ಮನೆಯಲ್ಲಿ ಖಂಡಿತ ಬೇಡ. ದ್ರಾವಣಕ್ಕೆ ಸ್ವಲ್ಪ ಯೂರಿಯಾ ಹಾಕಿ ಕುದಿಸಿ, ಉಳಿದ ನೈಟ್ರೋಜನ್ ಆಕ್ಸೈಡುಗಳನ್ನು ಹೊರಗಟ್ಟಬೇಕು. ಇಲ್ಲವಾದರೆ ಲೆಕ್ಕ ಸುಳ್ಳಾಗಿ ಏರುತ್ತದೆ. ಅಮೋನಿಯದಿಂದ ಆಮ್ಲವನ್ನು ತಗ್ಗಿಸಿ, ಅಸಿಟಿಕ್ ಆಮ್ಲ ಸೇರಿಸಿ, ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ತಾಮ್ರದ ಪ್ರಮಾಣಕ್ಕೆ ತಕ್ಕಷ್ಟು ಅಯೊಡಿನ್ ಬಿಡುಗಡೆಯಾಗುತ್ತದೆ. ಅದನ್ನು ಬ್ಯೂರೆಟ್ಟಿನಿಂದ ಸೋಡಿಯಂ ಥಯೋಸಲ್ಫೇಟ್ ಬಿಟ್ಟು ಅಳೆಯುತ್ತೇವೆ. ಕೊನೆಗೆ ಪಿಷ್ಟದ ನೀಲಿ ಬಣ್ಣ ಮಾಯವಾದರೆ ಮುಗಿಯಿತು. 0.1 ಮೋಲಾರ್ ಥಯೋಸಲ್ಫೇಟಿನ ಪ್ರತಿ ಮಿಲಿಲೀಟರಿಗೆ 6.355 ಮಿಲಿಗ್ರಾಂ ತಾಮ್ರ.

ನಾವು 0.25 ಗ್ರಾಂ ಹಿತ್ತಾಳೆ ತೂಗಿದ್ದೆವು. ಬ್ಯೂರೆಟ್ 24.0 ಮಿಲಿಲೀಟರ್ ತೋರಿಸಿತು, ತಾಮ್ರ 152.5 ಮಿಲಿಗ್ರಾಂ, ಅಂದರೆ ಶೇಕಡಾ 61. ಗುಣಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನಮ್ಮ ಯೋಜನೆಯಲ್ಲಿ. ಶಾಲೆಯ ತಕ್ಕಡಿ 0.01 ಗ್ರಾಂ ಹೆಚ್ಚುಕಡಿಮೆ ತೋರಿಸುವಂಥದ್ದು. 0.25ರಲ್ಲಿ 0.01 ಎಂದರೆ ನೂರಕ್ಕೆ ನಾಲ್ಕು! ನಮ್ಮ 61 ಎನ್ನುವುದು 59 ಇರಬಹುದು, 63 ಕೂಡ ಇರಬಹುದು.

ಮತ್ತೆ ಕಾಗದ ಹಿಡಿದು ಕೂತೆವು. ಈ ಸಲ 2.50 ಗ್ರಾಂ ತೂಗಿ, ಕರಗಿಸಿ, 250 ಮಿಲಿಲೀಟರ್ ದ್ರಾವಣ ಮಾಡಿ, ಪಿಪೆಟ್ಟಿನಿಂದ 25 ಮಿಲಿಲೀಟರ್ ಮಾತ್ರ ತೆಗೆದುಕೊಂಡೆವು. ತಕ್ಕಡಿ ಅದೇ, ಆದರೆ ತೂಕದ ದೋಷ ನೂರಕ್ಕೆ 0.4ಕ್ಕೆ ಇಳಿಯಿತು. ಬ್ಯೂರೆಟ್ 24.7 ತೋರಿಸಿತು, ತಾಮ್ರ ಶೇಕಡಾ 62.8. ಅಂಗಡಿಯವರು ಹೇಳಿದ್ದು ನಿಜವಾಗಿತ್ತು. ಹುಡುಗ ಚಾರ್ಟಿನಲ್ಲಿ ಎರಡೂ ಲೆಕ್ಕಗಳನ್ನು ಬರೆದ.

ಇನ್ನೊಂದು ಮಾತು. ಪ್ರಯೋಗಕ್ಕೆ ನಾಣ್ಯ ಕರಗಿಸಬೇಡಿ. 2011ರ ನಾಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧ.

ಪಾಲಕರೇ, ಬಾದಾಮಿಯಲ್ಲಿರಲಿ, ಇಳಕಲ್ಲಿನಲ್ಲಿರಲಿ, ಮಕ್ಕಳು ಪ್ರಯೋಗ ಮುಗಿಸಿ ಬಂದಾಗ 'ಉತ್ತರ ಎಷ್ಟು ಬಂತು?' ಎಂದಷ್ಟೇ ಕೇಳಬೇಡಿ. 'ಎಷ್ಟು ಹೆಚ್ಚುಕಡಿಮೆ ಇರಬಹುದು?' ಎಂದೂ ಕೇಳಿ. ಆ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಳ್ಳದೆ ಒಬ್ಬ ಪ್ರಾಮಾಣಿಕ ವ್ಯಾಪಾರಿಗೆ ಕಳಂಕ ಹಚ್ಚಲು ಹೊರಟಿದ್ದೆ.