ಹಣದ ಪಾಠವು ಮನೆಯದೇ?

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಹಣಕಾಸಿನ ಶಿಕ್ಷಣವು ಕಡ್ಡಾಯವಾಗಬೇಕೆಂಬ ಆಂದೋಲನವನ್ನು ಕುರಿತು, ಅದು ತಂದೆತಾಯಿಗಳ ಕರ್ತವ್ಯವೇ ಹೊರತು ಶಾಲೆಯದಲ್ಲವೆಂದು ಒಬ್ಬ ಲೇಖಕ ಮಹಾಶಯರು ಅಪ್ಪಣೆ ಕೊಡಿಸಿರುವರು. ಬಡ್ಡಿಯ ಲೆಕ್ಕವನ್ನರಿಯದೆ ತಾವೇ ಸಾಲದಲ್ಲಿ ತೊಳಲುತ್ತಿರುವ ತಂದೆತಾಯಿಗಳು ಕಲಿಸುವುದಾದರೂ ಏನನ್ನು? ಹಣಕಾಸಿನ ಪತ್ರಕರ್ತ ಮಾರ್ಟಿನ್ ಲೂಯಿಸರಂಥವರ ಒತ್ತಾಯದಿಂದ 2014ರಲ್ಲಿ ಅಲ್ಲಿನ ಪ್ರೌಢಶಾಲೆಗಳ ರಾಷ್ಟ್ರೀಯ ಪಠ್ಯಕ್ರಮದೊಳಗೆ ಈ ವಿಷಯವು ಪ್ರವೇಶಿಸಿತೆಂಬುದೇನೋ ದಿಟ. ಆದರೆ ಪೌರನೀತಿಯ ಪಾಠದ ಮೂಲೆಯಲ್ಲಿ ಕುಳಿತು, ಸರ್ಕಾರದ ಹಣದಿಂದ ನಡೆದರೂ ಆ ಪಠ್ಯಕ್ರಮಕ್ಕೆ ಬದ್ಧವಾಗಿರದಿದ್ದ ಅಕಾಡೆಮಿ ಶಾಲೆಗಳನ್ನು ಮುಟ್ಟದೆ ಹೋದ ಕಡ್ಡಾಯವು ಎಂಥ ಕಡ್ಡಾಯ! ಪ್ರೌಢಶಾಲೆಯ ಆ ಪಾಠವು ಬರುವಷ್ಟರೊಳಗೆ ಏಳೆಂಟು ವರ್ಷದ ಹಸುಳೆಯು, ತಾಯಿಯ ಫೋನಿನಲ್ಲಿ ಆಟವಾಡುತ್ತ, ನಾಣ್ಯವನ್ನು ಕಣ್ಣಿಂದಲೂ ಕಾಣದೆ, ಬೆರಳೊತ್ತಿನಿಂದಲೇ ಪೌಂಡುಗಳನ್ನು ವ್ಯಯಮಾಡಿಬಿಟ್ಟಿರುತ್ತದೆ. ಮಕ್ಕಳಿಗೆ ಪ್ರೌಢಶಾಲೆಯ ವಯಸ್ಸಾದ ಹನ್ನೊಂದು ತುಂಬುವವರೆಗೆ ಕಾಯಿರೆನ್ನುವ ಮಹನೀಯರು, ಮೊದಲು ಆ ಆಟಗಳ ವ್ಯಾಪಾರಿಗಳನ್ನು ಕಾಯುವಂತೆ ಒಪ್ಪಿಸಿ ಬರಲಿ.