ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ

ಕಲ್ಲುಕ್ವಾರಿ, ಗಾರೆ ಕೆಲಸ, ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ದುಡಿಯುವ ಅಕ್ಕ ಅಣ್ಣಂದಿರೇ,

ಕೆಲಸದಲ್ಲಿದ್ದಾಗ ಗಂಡ ಸತ್ತ. ಹೆಂಡತಿ ನಾಲ್ಕು ವರ್ಷದಿಂದ ತವರಿನಲ್ಲಿದ್ದಳು. “ಬಿಟ್ಟು ಹೋದವಳಿಗೆ ಎಂಥ ಹಕ್ಕು?” ಎಂಬ ಮಾತು ತಿಥಿಗೂ ಮೊದಲೇ ಏಳುತ್ತದೆ. ಅವಳಿಗೆ ಹಕ್ಕಿದೆ. ನ್ಯಾಯಾಲಯ ವಿಚ್ಛೇದನ ಕೊಡುವವರೆಗೆ ಅವಳು ಹೆಂಡತಿ. ಗಂಡ ಸತ್ತರೆ ಅವನ ವಿಧವೆ. ನೌಕರರ ಪರಿಹಾರ ಕಾನೂನಿನ ಅವಲಂಬಿತರ ಪಟ್ಟಿಯಲ್ಲಿ ವಿಧವೆಯ ಹೆಸರು ಮೊದಲ ಸಾಲಿನಲ್ಲಿದೆ. ಅವನ ದುಡಿಮೆಯಲ್ಲೇ ಬದುಕಿದ್ದೆ ಎಂದು ಅವಳು ರುಜುವಾತು ಮಾಡಬೇಕಿಲ್ಲ. (ಹೆಂಡತಿ ಸತ್ತರೆ ಗಂಡ ಮಾತ್ರ ಅದನ್ನು ತೋರಿಸಬೇಕು.)

ಇದು ಚಿಲ್ಲರೆ ಹಣವಲ್ಲ. ತಿಂಗಳಿಗೆ 15,000 ರೂಪಾಯಿ ಕೂಲಿಯಿದ್ದ, 35 ತುಂಬಿದ ಕಾರ್ಮಿಕ ಸತ್ತರೆ ಕೂಲಿಯ ಅರ್ಧವನ್ನು 197.06ರಿಂದ ಗುಣಿಸುತ್ತಾರೆ: 14,77,950 ರೂಪಾಯಿ. ಆದ್ದರಿಂದಲೇ ಊರ ಕಟ್ಟೆಯಲ್ಲಿ ಬರೆಸಿದ ಹಳೆಯ ಬಿಡುಗಡೆ ಪತ್ರ ಇದ್ದಕ್ಕಿದ್ದಂತೆ ಪೆಟ್ಟಿಗೆಯಿಂದ ಹೊರಬರುತ್ತದೆ. ಹಿಂದೂ ವಿವಾಹ ಕಾಯ್ದೆಯಡಿ ಇಂಥ ಕಾಗದಕ್ಕೆ ನೋಟರಿ ಮುದ್ರೆ ಬಿದ್ದರೂ ಮದುವೆ ಮುರಿಯದು. ನಮ್ಮ ಸಮುದಾಯದಲ್ಲಿ ಸೋಡಚೀಟಿಯ ರೂಢಿ ಹಿಂದಿನಿಂದಲೂ ಇದೆ ಎನ್ನುವವರು ಆ ರೂಢಿಯನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ಒಂದೇ ಉಸಿರಿನ ತ್ರಿವಳಿ ತಲಾಖ್ ಕೂಡ 2019ರ ಕಾಯ್ದೆಯಂತೆ ಅನೂರ್ಜಿತ.

ಇನ್ನೊಂದು ಆಟವೂ ಇದೆ. ಗುತ್ತಿಗೆದಾರ ಮಾವನ ಕೈಗೆ ಒಂದಿಷ್ಟು ನಗದು ಕೊಟ್ಟು ‘ಸೆಟಲ್ ಆಯ್ತು’ ಎನ್ನುತ್ತಾನೆ. ಆಗಿಲ್ಲ. ಸಾವಿನ ಪರಿಹಾರವನ್ನು ಮಾಲೀಕನು ಈ ಕಾನೂನಿನಡಿ ನೇಮಕವಾದ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಯಾರಿಗೆ ಎಷ್ಟೆಂದು ಹಂಚುವುದು ಆ ಅಧಿಕಾರಿ. ಮಾವನೂ ಅಲ್ಲ, ಮೇಸ್ತ್ರಿಯೂ ಅಲ್ಲ. ಅರ್ಜಿಗೆ ಗಡುವು ಎರಡು ವರ್ಷ.

ನ್ಯಾಯಾಲಯದ ವಿಚ್ಛೇದನ ಆಗಿದ್ದರೆ ಕಥೆ ತಿರುವುಮುರುವು. ವಿಚ್ಛೇದಿತೆ ವಿಧವೆಯಲ್ಲ, ಆ ಪಟ್ಟಿಯಲ್ಲಿ ಅವಳಿಲ್ಲ. ಗಂಡ ಬದುಕಿದ್ದಾಗ, ಅವಳು ಮರುಮದುವೆಯಾಗದಿದ್ದರೆ, ಜೀವನಾಂಶ ಕೇಳಬಹುದಿತ್ತು; ಅವನು ಸತ್ತ ಮೇಲೆ ಆ ಹಣವೂ ನಿಲ್ಲಬಹುದು. ಮಕ್ಕಳ ಹಕ್ಕು ಮಾತ್ರ ಉಳಿಯುತ್ತದೆ. ಅಪ್ರಾಪ್ತ ಮಗ, ಮದುವೆಯಾಗದ ಮಗಳು ತಾಯಿಯ ಜೊತೆಗಿದ್ದರೂ ತಂದೆಯ ಅವಲಂಬಿತರೇ. ಆ ಮಕ್ಕಳ ಹೆಸರು ಅರ್ಜಿಯಲ್ಲಿ ಬಿಟ್ಟುಹೋಗಿದ್ದರೆ ತಾಯಿಯೇ ಹೋಗಿ ಸೇರಿಸಬೇಕು.

ಗಂಡ ಸಾಯದೆ ಅಂಗವಿಕಲನಾದರೆ? ಇಲ್ಲೇ ನಮಗೆ ಹೆಚ್ಚು ಸಿಟ್ಟು. ಅದೇ ಕಾರ್ಮಿಕನಿಗೆ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಕೂಲಿಯ ಶೇ. 60ರ ಲೆಕ್ಕದಲ್ಲಿ 17,73,540 ರೂಪಾಯಿ ಬರುತ್ತದೆ. ಅದು ಅವನೊಬ್ಬನದೇ, ಜಪ್ತಿಯನ್ನೂ ಮಾಡುವಂತಿಲ್ಲ. ಅವನ ನೋವಿನ ಹಣ ಅವನದೇ ಆಗಬೇಕು ಎನ್ನುವುದನ್ನು ಒಪ್ಪುತ್ತೇವೆ. ಆದರೆ ವರ್ಷಗಟ್ಟಲೆ ಅವನನ್ನು ಎತ್ತಿ ಮಲಗಿಸಿ, ಕೂಲಿ ಬಿಟ್ಟು ಆರೈಕೆ ಮಾಡಿದವಳಿಗೆ ವಿಚ್ಛೇದನದ ದಿನ ಅದರಲ್ಲಿ ನೇರ ಪಾಲಿಲ್ಲ. ದಾಂಪತ್ಯದಲ್ಲಿ ಗಳಿಸಿದ್ದರಲ್ಲಿ ಅರ್ಧ ಎಂಬ ಕಾನೂನು ನಮ್ಮಲ್ಲಿಲ್ಲ. ಹಿಂದೂ ವಿವಾಹವಾದವರಿಗೆ ಉಳಿದ ಮುಖ್ಯ ದಾರಿ: ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ನಿನಡಿ ಶಾಶ್ವತ ಜೀವನಾಂಶ. ಅದನ್ನು ನಿರ್ಧರಿಸುವಾಗ ನ್ಯಾಯಾಲಯ ಅವನ ಆಸ್ತಿಯನ್ನೂ ನೋಡುತ್ತದೆ. ಪರಿಹಾರದ ಹಣದಲ್ಲಿ ಸೈಟು ಕೊಂಡಿದ್ದರೆ ಅದರ ಮೇಲೆ ಜೀವನಾಂಶದ ಹೊಣೆ ಹೊರಿಸಲೂಬಹುದು. ಆದ್ದರಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವ ಮುನ್ನ ಪರಿಹಾರ ಎಷ್ಟು ಬಂತು, ಎಲ್ಲಿ ಹೋಯಿತು ಎಂದು ಕೇಳಿ ದಾಖಲೆಗೆ ಬರೆಸಿ. “ಮುಂದೆ ಏನನ್ನೂ ಕೇಳುವುದಿಲ್ಲ” ಎಂಬ ಸಾಲಿದ್ದರೆ ವಕೀಲರಿಂದ ಎರಡು ಸಲ ಓದಿಸಿ.

1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ವಿಚ್ಛೇದಿತೆ ಹೊರಗೇ ಉಳಿದಳು. ಜೀವನಾಂಶದ ಆದೇಶವಿರುವ ವಿಚ್ಛೇದಿತೆಯನ್ನು ಆ ಆದೇಶದ ಮಟ್ಟಿಗಾದರೂ ಅವಲಂಬಿತಳೆಂದು ಎಣಿಸಬೇಕು. ಇದು ನಮ್ಮ ಬೇಡಿಕೆ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ನಿರ್ಣಯ ಮಾಡಿಸಿ, ಶಾಸಕರಿಗೂ ಸಂಸದರಿಗೂ ಕಳುಹಿಸಿ.

ವಕೀಲರ ಫೀಜಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ನೆರವು ಉಚಿತ. ಸಹಾಯವಾಣಿ 15100. ಹೋಗುವಾಗ ಮದುವೆಯ ಪುರಾವೆ, ಮಕ್ಕಳ ಜನನ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ ಮತ್ತು ಕೂಲಿಯ ಯಾವುದಾದರೂ ಚೀಟಿ ಒಯ್ಯಿರಿ.