ಹೆಸರಿಲ್ಲದ ಮೀನು

ಸೇಡಂನ ನನ್ನ ಮನೆಗೆ ಹಾಸಿದ ಶಹಾಬಾದಿನ ಕಲ್ಲು, ಮೀನುಗಳು ಹುಟ್ಟುವ ಮೊದಲಿನ ಕಡಲತಳ. ಆದುದರಿಂದ ಕಡಲ ಮಾತು ನಮಗೆ ಪರಕೀಯವಲ್ಲ.

ಬೆಕ್ಕಿನಂಥ ಕಣ್ಣಿನಿಂದ ಹೆಸರು ಪಡೆದ ಕಿರುಶಾರ್ಕುಗಳ ಕುಲವೊಂದಿದೆ. ಅವುಗಳಲ್ಲಿ ಗೇಣಿಗೆ ತುಸು ಮಿಕ್ಕ ಒಂದನ್ನು 1891ರಲ್ಲಿ ಆಲ್ಕಾಕ್ ಎಂಬ ವಿಜ್ಞಾನಿ ಅಂಡಮಾನ್ ಕಡಲಿನಿಂದ ವರ್ಣಿಸಿದರು. ಕೇರಳದಾಚೆಯ ಆಳದಲ್ಲಿಯೂ ಅದುಂಟು. ಹೆರುವುದು ಸಾಮಾನ್ಯವಾಗಿ ಒಮ್ಮೆಗೆ ಎರಡೇ ಮರಿ. ಸಿಗಡಿಗೆಂದು ಇಳಿಸಿದ ಬಲೆಯಲ್ಲಿ ಸಿಕ್ಕರೆ ಅದಕ್ಕೆ ಬೆಲೆಯಿಲ್ಲ, ಎಸೆಯುತ್ತಾರೆ. ಲಕ್ಷ ಮೊಟ್ಟೆಯಿಡುವ ಮೀನು ಆ ನಷ್ಟವನ್ನು ತುಂಬಿಕೊಂಡೀತು. ಎರಡು ಮರಿಯ ತಾಯಿ ಹೇಗೆ ತುಂಬಿಕೊಂಡಾಳು?

ಇದನ್ನು ತಿಳಿಸುವ ಸಂಶೋಧನೆಯೆಲ್ಲ ಇಂಗ್ಲಿಷಿನಲ್ಲಿದೆ. ಹೆಸರಿಲ್ಲದುದರ ಅಳಿವಿಗೆ ಮರುಗುವವರಾರು? ಕರಾವಳಿಯವರು ಶಾರ್ಕನ್ನು ತಾಟೆ ಎನ್ನುತ್ತಾರೆ. ಇದನ್ನು ಬೆಕ್ಕುತಾಟೆ ಎನ್ನೋಣ; ಕನ್ನಡದಲ್ಲಿಯೇ ಬರೆಯೋಣ. ಕಾಪಾಡುವ ಕೆಲಸ ಕರೆಯುವುದರಿಂದಲೇ ಮೊದಲಾಗಬೇಕು.